ತೆಗೆದ ಗಡ್ಡೆಗೆ ಸಲೈನ್ ಸಾಲದು

ನಮ್ಮ ಲ್ಯಾಬಿನ ಕೌಂಟರಿಗೆ ಬರುವ ಕೆಲವು ಡಬ್ಬಿಗಳನ್ನು ನೋಡಿದರೆ ನನಗೆ ಈಗಲೂ ಸಂಕಟವಾಗುತ್ತದೆ. ಆಪರೇಷನ್ ಚೆನ್ನಾಗಿ ಆಗಿರುತ್ತದೆ, ಗಡ್ಡೆಯನ್ನು ಪೂರ್ತಿ ತೆಗೆದಿರುತ್ತಾರೆ. ಆದರೆ ಬಯಾಪ್ಸಿಗೆ ಕಳಿಸುವಾಗ ಅದನ್ನು ಸಲೈನಿನಲ್ಲಿ ಹಾಕಿರುತ್ತಾರೆ. ಸ್ಪಿರಿಟ್‌ನಲ್ಲಿ ಹಾಕಿ ಕಳಿಸುವವರಿದ್ದಾರೆ. ಕೆಡಬಾರದು ಅಂತ ರಾತ್ರಿಯೆಲ್ಲ ಫ್ರೀಜರಿನಲ್ಲಿಟ್ಟು ತರುವ ಮನೆಯವರೂ ಇದ್ದಾರೆ. ಹಾಗೆ ಹೆಪ್ಪುಗಟ್ಟಿದಾಗ ಐಸಿನ ಹರಳುಗಳೇ ಜೀವಕೋಶಗಳನ್ನು ಸೀಳಿಬಿಡುತ್ತವೆ.

"ಸಲೈನನ್ನ ರಕ್ತಕ್ಕೇ ಹಾಕ್ತಾರಲ್ಲ ಮೇಡಂ, ಅದರಲ್ಲಿಟ್ಟರೆ ಏನಾಗುತ್ತೆ?" ಅಂತ ಕೇಳುತ್ತಾರೆ. ಕೇಳಬೇಕಾದ ಪ್ರಶ್ನೆಯೇ. ಸ್ವಲ್ಪ ಉದ್ದವಾದರೂ ಉತ್ತರ ಹೇಳಿಬಿಡುತ್ತೇನೆ.

ಕತ್ತರಿಸಿ ತೆಗೆದ ತುಂಡು ಆ ಕ್ಷಣಕ್ಕೇ ಸತ್ತಿರುವುದಿಲ್ಲ. ಅದರ ಕೋಶಗಳು ಇನ್ನೂ ಕೆಲಸ ಮಾಡುತ್ತಿರುತ್ತವೆ. ಆದರೆ ರಕ್ತ ನಿಂತಿದೆ, ಆಮ್ಲಜನಕ ಬರುತ್ತಿಲ್ಲ. ಕೋಶದ ಶಕ್ತಿ ಬೇಗ ಖಾಲಿಯಾಗುತ್ತದೆ. ಸೋಡಿಯಂ ಅನ್ನು ಹೊರಗೆ ತಳ್ಳುತ್ತಿದ್ದ ಪಂಪ್ ನಿಲ್ಲುತ್ತದೆ. ಸೋಡಿಯಂ ಒಳಗೆ ಉಳಿಯುತ್ತದೆ, ಅದರ ಹಿಂದೆಯೇ ನೀರು ನುಗ್ಗುತ್ತದೆ, ಕೋಶ ಊದಿಕೊಳ್ಳುತ್ತದೆ. ಇಷ್ಟು ಹೊತ್ತು ಪುಟ್ಟ ಚೀಲಗಳಲ್ಲಿ ಕಟ್ಟಿಟ್ಟಿದ್ದ ಕಿಣ್ವಗಳು ಸೋರಿ, ಕೋಶವನ್ನು ಒಳಗಿನಿಂದಲೇ ಕರಗಿಸಲು ಶುರು ಮಾಡುತ್ತವೆ. ಹಾರ್ಟ್ ಅಟ್ಯಾಕ್ ಆದಾಗ ಹೃದಯದ ಸ್ನಾಯುವಿನಲ್ಲೂ ಮೊದಲು ನಡೆಯುವುದು ಇದೇ. ಅಲ್ಲಿ ದೇಹ ಜೀವಂತ ಇರುವುದರಿಂದ ಬಿಳಿ ರಕ್ತಕಣಗಳು ಬಂದು ಸತ್ತಿದ್ದನ್ನು ತೆರವು ಮಾಡುತ್ತವೆ. ಡಬ್ಬಿಯೊಳಗೆ ಬರುವವರು ಯಾರೂ ಇಲ್ಲ. ತುಂಡು ಸುಮ್ನೆ ತನ್ನನ್ನು ತಾನೇ ಜೀರ್ಣ ಮಾಡಿಕೊಳ್ಳುತ್ತದೆ.

ಸಲೈನ್ ಇದ್ಯಾವುದನ್ನೂ ನಿಲ್ಲಿಸುವುದಿಲ್ಲ. ತುಂಡು ಒಣಗದಂತೆ ನೋಡಿಕೊಳ್ಳುತ್ತದೆ, ಅಷ್ಟೇ.

ಕ್ಯಾನ್ಸರ್ ಹೌದೋ ಅಲ್ಲವೋ ಎಂದು ಹೇಳಲು ನಾವು ಜಾಸ್ತಿ ನೋಡುವುದು ಕೋಶದ ನ್ಯೂಕ್ಲಿಯಸ್ಸನ್ನು, ಅಂದರೆ ಅದರ ನಡುವಿನ ಕೇಂದ್ರವನ್ನು. ಅದರ ಗಾತ್ರ ಎಷ್ಟು, ಅಂಚು ನುಣುಪೋ ಅಂಕುಡೊಂಕೋ, ಎಷ್ಟು ಕೋಶಗಳು ಒಡೆದು ಎರಡಾಗುತ್ತಿವೆ. ತುಂಡು ಕೆಡತೊಡಗಿದರೆ ಪೆಟ್ಟು ಬೀಳುವುದು ಇಲ್ಲಿಗೇ. ನ್ಯೂಕ್ಲಿಯಸ್ ಕುಗ್ಗಿ ಕಪ್ಪಾಗುತ್ತದೆ, ಇಲ್ಲವೇ ಚೂರಾಗುತ್ತದೆ, ಕೊನೆಗೆ ಬಣ್ಣವೇ ಹಿಡಿಯದೆ ಮಾಸಿಹೋಗುತ್ತದೆ. ಪಿತ್ತಕೋಶ ಮತ್ತು ಕರುಳಿನ ಒಳಪದರ ತುಂಬ ಬೇಗ ಕೆಡುತ್ತವೆ. ಹಾಗೆ ಕೆಟ್ಟ ಪಿತ್ತಕೋಶದ ಸ್ಲೈಡ್ ನೋಡಿದರೆ ಕೆಳಗೆ ಸ್ನಾಯು ಸರಿಯಾಗಿ ಕಾಣುತ್ತದೆ. ಮೇಲೆ ಕೋಶಗಳ ಸಾಲು ಇರಬೇಕಾದ ಕಡೆ ಬರೀ ತಿಳಿ ಗುಲಾಬಿ ಪುಡಿ. ಪಿತ್ತಕೋಶದ ಕ್ಯಾನ್ಸರ್ ಸಾಮಾನ್ಯವಾಗಿ ಹುಟ್ಟುವುದು ಆ ಸಾಲಿನಲ್ಲೇ.

ತುಂಡು ಹೀಗೆ ಕೆಡದಿರಲು ಬೇಕಾಗಿರುವುದು ಫಾರ್ಮಲಿನ್, ಅಂದರೆ ಫಾರ್ಮಾಲ್ಡಿಹೈಡ್ ಕರಗಿಸಿದ ನೀರು. 1893ರಲ್ಲಿ ಜರ್ಮನಿಯ ಫರ್ಡಿನಾಂಡ್ ಬ್ಲೂಮ್ ಈ ದ್ರಾವಣದ ಜೊತೆ ಕೆಲಸ ಮಾಡುವಾಗ ತನ್ನ ಬೆರಳಿನ ಚರ್ಮ ಗಟ್ಟಿಯಾಗಿದ್ದನ್ನು ಗಮನಿಸಿದ. ಅಂಗಾಂಶಗಳನ್ನು ಕೆಡದಂತೆ ಇಡಲು ಅದು ಬಳಕೆಗೆ ಬಂದಿದ್ದು ಹಾಗೆ. ಮೊಟ್ಟೆ ಬೇಯಿಸಿದಾಗ ಬಿಳಿಭಾಗ ಗಟ್ಟಿಯಾಗುತ್ತಲ್ಲ, ಫಾರ್ಮಲಿನ್ ಬಿಸಿಯಿಲ್ಲದೆ ಪ್ರೋಟೀನುಗಳಿಗೆ ಹೆಚ್ಚುಕಮ್ಮಿ ಅದನ್ನೇ ಮಾಡುತ್ತದೆ. ಕಿಣ್ವಗಳೂ ಪ್ರೋಟೀನೇ ಆದ್ದರಿಂದ ಅವುಗಳ ಕೆಲಸವೂ ನಿಲ್ಲುತ್ತದೆ.

ಆದರೆ ಅದು ಒಳಗೆ ಇಳಿಯುವುದು ನಿಧಾನ, ಗಂಟೆಗೆ ಸುಮಾರು 1 ಮಿಲಿಮೀಟರ್. ಹಾಗಾಗಿ ಇಡೀ ಸ್ತನವನ್ನೋ ಗರ್ಭಕೋಶವನ್ನೋ ಹಾಗೇ ಮುಳುಗಿಸಿಟ್ಟರೆ ಹೊರಗೆ ಗಟ್ಟಿಯಾಗಿ, ನಡುವೆ ಕೆಟ್ಟಿರುತ್ತದೆ. ಲ್ಯಾಬಿಗೆ ತಲುಪಲು ತಡವಾಗುವುದಾದರೆ ಎಲ್ಲಿ ಕುಯ್ದು ತೆರೆಯಬೇಕು ಎಂದು ಸರ್ಜನ್ ಮೊದಲೇ ಪೆಥಾಲಜಿಸ್ಟ್ ಜೊತೆ ಮಾತಾಡಿಕೊಂಡರೆ ಒಳ್ಳೆಯದು. ದ್ರಾವಣ ತುಂಡಿನ 10 ಪಟ್ಟು ಇರಬೇಕು. ಡಬ್ಬಿಯ ಬಾಯಿ ಅಗಲ ಇರಬೇಕು. ಸಣ್ಣ ಬಾಯಿಯ ಬಾಟಲಿಗೆ ಮೆತ್ತಗಿದ್ದಾಗ ತುರುಕಿದ ಗಡ್ಡೆ ಗಟ್ಟಿಯಾದ ಮೇಲೆ ಹೊರಗೆ ಬರುವುದಿಲ್ಲ.

ಜಗಳೂರಿನ ಕಡೆಯ ಹುಡುಗನೊಬ್ಬ ತಾಯಿಯ ಸ್ತನದ ಗಡ್ಡೆ ತಂದಿದ್ದ. ಹಿಂದಿನ ದಿನ ಮಧ್ಯಾಹ್ನ ಆಪರೇಷನ್ ಆಗಿತ್ತು. ಬಸ್ಸಿನಲ್ಲಿ ಡಬ್ಬಿಯನ್ನು ಮಡಿಲಲ್ಲೇ ಇಟ್ಟುಕೊಂಡು ಬಂದಿದ್ದ. "ಒಂದ್ ಹನೀನೂ ಚೆಲ್ಲಿಲ್ಲ ಮೇಡಂ" ಅಂದ. ಒಳಗಿದ್ದದ್ದು ಸಲೈನ್. ಕ್ಯಾನ್ಸರ್ ಎಂದು ಗುರುತಿಸಲು ತೊಂದರೆಯಾಗಲಿಲ್ಲ. ತೊಂದರೆಯಾಗಿದ್ದು ಮುಂದಿನ ಹೆಜ್ಜೆಯಲ್ಲಿ. ಸ್ತನ ಕ್ಯಾನ್ಸರಿನಲ್ಲಿ ಯಾವ ಔಷಧಿ ಕೆಲಸ ಮಾಡೀತು ಎಂದು ತಿಳಿಯಲು ಇಆರ್, ಪಿಆರ್, ಹರ್2 ಎಂಬ ಪರೀಕ್ಷೆಗಳಿವೆ. ಇವು ನಂಬುವ ಹಾಗಿರಬೇಕಾದರೆ ಗಡ್ಡೆ 1 ಗಂಟೆಯೊಳಗೆ ಫಾರ್ಮಲಿನ್ ಸೇರಬೇಕು, ಅದರಲ್ಲಿ 6ರಿಂದ 72 ಗಂಟೆ ಇರಬೇಕು. ತಡವಾದರೆ ಗಡ್ಡೆಯಲ್ಲಿ ಇದ್ದ ಇಆರ್ (ಈಸ್ಟ್ರೋಜನ್ ಹಾರ್ಮೋನನ್ನು ಹಿಡಿಯುವ ಪ್ರೋಟೀನ್) ಕೂಡ ಇಲ್ಲವೆಂದು ತೋರಿಸಬಹುದು. ಆಗ ಆ ಹಾರ್ಮೋನಿಗೆ ಅಡ್ಡ ನಿಲ್ಲುವ ಟ್ಯಾಮಾಕ್ಸಿಫೆನ್‌ನಂಥ ಕಡಿಮೆ ಬೆಲೆಯ, ಒಳ್ಳೆಯ ಮಾತ್ರೆ ಆ ತಾಯಿಗೆ ಸಿಗದೇ ಹೋಗಬಹುದು. ಅವರದು ನೆಗೆಟಿವ್ ಬಂತು. ಅದನ್ನು ಪೂರ್ತಿ ನಂಬಬೇಡಿ, ಆಪರೇಷನ್‌ಗೆ ಮೊದಲು ತೆಗೆದ ಸೂಜಿ ಬಯಾಪ್ಸಿಯ ಬ್ಲಾಕ್ (ಮೇಣದಲ್ಲಿ ಹುದುಗಿಸಿಟ್ಟ ತುಂಡು) ಇದ್ದರೆ ಅದರಲ್ಲಿ ಮತ್ತೆ ಮಾಡಿಸಿ ಎಂದು ರಿಪೋರ್ಟಿನಲ್ಲೇ ಬರೆದೆ. ಆ ಹುಡುಗ ಅಷ್ಟು ಜೋಪಾನ ಮಾಡಿದ್ದ. ಹೊರಡುವಾಗ ಅವನ ಕೈಗೆ ಸರಿಯಾದ ಡಬ್ಬಿ ಕೊಡಲು ಎರಡು ನಿಮಿಷ ಸಾಕಿತ್ತು, ಅಲ್ವಾ?

ಹಾಗಂತ ಇದನ್ನು ಓದಿ ನೀವೇ ಫಾರ್ಮಲಿನ್ ತಂದು ಸುರಿಯಬೇಡಿ. ಅದರ ಆವಿ ಕಣ್ಣು ಮೂಗು ಉರಿಸುತ್ತದೆ. ಅದು ಬೇಡವಾದ ಸಂದರ್ಭಗಳೂ ಇವೆ. ಟಿಬಿ ಅನುಮಾನ ಇದ್ದರೆ ಗಂಟಿನ ಒಂದು ಭಾಗವನ್ನು ಕಲ್ಚರಿಗೆಂದು, ಅಂದರೆ ರೋಗಾಣು ಬೆಳೆಸಿ ನೋಡಲೆಂದು, ಸಲೈನಿನಲ್ಲೇ ಕಳಿಸಬೇಕು. ಫಾರ್ಮಲಿನ್ ರೋಗಾಣುವನ್ನೇ ಕೊಂದುಬಿಡುತ್ತದೆ. ಆಪರೇಷನ್ ನಡೆಯುತ್ತಿರುವಾಗಲೇ ರಿಪೋರ್ಟ್ ಬೇಕಿದ್ದರೆ ಹಸಿ ತುಂಡೇ ಬೇಕು. ಕಿಡ್ನಿ ಬಯಾಪ್ಸಿಯ ಒಂದು ಚೂರಿಗೆ ಬೇರೆಯದೇ ದ್ರಾವಣವಿದೆ. ತೀರ್ಮಾನ ಡಾಕ್ಟರದ್ದು. ನೀವು ಕೇಳಬೇಕಾದದ್ದು ಒಂದೇ ಮಾತು: "ಸಿಸ್ಟರ್, ಇದರಲ್ಲಿರೋದು ಫಾರ್ಮಲಿನ್ನಾ?" ಹೆಸರಿನ ಚೀಟಿ ಮುಚ್ಚಳದ ಮೇಲೆ ಬೇಡ, ಡಬ್ಬಿಯ ಮೈಮೇಲೆ ಅಂಟಿಸಲು ಹೇಳಿ.

ಇನ್ನೊಂದು. ಎರಡು ಕಡೆ ಅಭಿಪ್ರಾಯ ಬೇಕೆಂದು ಗಡ್ಡೆಯನ್ನು ಅರ್ಧ ಮಾಡಿ ಎರಡು ಲ್ಯಾಬಿಗೆ ಕೊಡುತ್ತಾರೆ. ದಯವಿಟ್ಟು ಬೇಡ. ರೋಗ ಒಂದೇ ಅರ್ಧದಲ್ಲಿರಬಹುದು. ಇಡೀ ಗಡ್ಡೆ ಒಂದೇ ಕಡೆ ಕೊಡಿ. ಆಮೇಲೆ ಮೇಣದ ಬ್ಲಾಕ್ ಮತ್ತು ಸ್ಲೈಡ್ ಕೇಳಿ ಪಡೆದು ಎರಡನೆಯವರಿಗೆ ತೋರಿಸಿ. ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಹೋದರೂ ಅವನ್ನು ಕೇಳುತ್ತಾರೆ. ಬ್ಲಾಕಿಗೆ ಫ್ರಿಜ್ ಬೇಕಿಲ್ಲ, ವರ್ಷಗಟ್ಟಲೆ ಹಾಗೇ ಇರುತ್ತದೆ. ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನೊಳಗೆ ಮಾತ್ರ ಬಿಟ್ಟು ಹೋಗಬೇಡಿ, ಮೇಣ ಕರಗಬಹುದು.