ಪದ ಪರಿಚಯ: ಋತುಮಾನದ ಹೊಂದಾಣಿಕೆ ತಪ್ಪುವಿಕೆ

ಒಂದು ಜೀವಿ ಮರಿ ಮಾಡುವ ಕಾಲ ಮತ್ತು ಆ ಮರಿಗೆ ಬೇಕಾದ ಆಹಾರ ಹೇರಳವಾಗಿ ಸಿಗುವ ಕಾಲ ಒಂದರಿಂದೊಂದು ದೂರ ಸರಿಯುವುದನ್ನು ಪರಿಸರ ವಿಜ್ಞಾನದಲ್ಲಿ ‘ಋತುಮಾನದ ಹೊಂದಾಣಿಕೆ ತಪ್ಪುವಿಕೆ’ ಎನ್ನಬಹುದು. ಈ ವಿಚಾರಕ್ಕೆ ಬುನಾದಿ ಹಾಕಿದವರು ಬ್ರಿಟನ್ನಿನ ಮೀನುಗಾರಿಕಾ ವಿಜ್ಞಾನಿ ಡೇವಿಡ್ ಕುಶಿಂಗ್. ಮೀನಿನ ಮರಿಗಳು ಹೊರಬರುವ ಹೊತ್ತಿಗೆ ನೀರಿನಲ್ಲಿ ತೇಲುವ ಸೂಕ್ಷ್ಮ ಜೀವಿಗಳಾದ ಪ್ಲವಕಗಳು ಸಾಕಷ್ಟಿರದಿದ್ದರೆ ಆ ವರ್ಷದ ಪೀಳಿಗೆಯೇ ಸೊರಗುತ್ತದೆ ಎಂಬುದು ಅವರ ವಾದವಾಗಿತ್ತು. ಹವಾಮಾನ ಬದಲಾವಣೆಯ ಚರ್ಚೆಯಲ್ಲಿ ಇದು ಈಗ ವಲಸೆ ಹೋಗುವ ಕಡಲಹಕ್ಕಿಗಳಿಗೂ ಅನ್ವಯವಾಗುತ್ತಿದೆ.

ಚಳ್ಳಕೆರೆ ಕಡೆಯ ಶೇಂಗಾ ಬೆಳೆಗಾರರು ಮಳೆ ನಕ್ಷತ್ರ ನೋಡಿ ಹೊಲ ಸಿದ್ಧಮಾಡಿಕೊಂಡರೂ ಭೂಮಿಗೆ ಹದ ಬರದಿದ್ದರೆ ಬಿತ್ತನೆಯನ್ನು ಮುಂದೂಡಬಲ್ಲರು. ಕಡಲಹಕ್ಕಿಗೆ ಅಷ್ಟು ಅವಕಾಶವಿಲ್ಲ. ಸಾವಿರಾರು ಕಿಲೋಮೀಟರ್ ಆಚೆ ಚಳಿಗಾಲ ಕಳೆಯುವ ಹಕ್ಕಿಗೆ ತನ್ನ ಗೂಡಿನ ದ್ವೀಪದ ಸುತ್ತಲಿನ ಕಡಲು ಈ ವರ್ಷ ಎಷ್ಟು ಬೇಗ ಬಿಸಿಯಾಯಿತೆಂದು ತಿಳಿಯುವ ದಾರಿಯಿಲ್ಲದ ಕಾರಣ, ಅದು ಬಹುಮಟ್ಟಿಗೆ ಹಗಲಿನ ಉದ್ದದಂತಹ, ವರ್ಷದಿಂದ ವರ್ಷಕ್ಕೆ ಬದಲಾಗದ ಸೂಚನೆಯನ್ನು ನಂಬಿ ಹೊರಡುತ್ತದೆ. ಪ್ಲವಕ ಮತ್ತು ಸಣ್ಣ ಮೀನುಗಳಾದರೋ ನೀರಿನ ಉಷ್ಣತೆಗೆ ಬೇಗ ಸ್ಪಂದಿಸುತ್ತವೆ. 1952ರಿಂದ 2015ರವರೆಗಿನ, 145 ಕಡಲಹಕ್ಕಿ ಸಮೂಹಗಳ ದಾಖಲೆಗಳನ್ನು ಪರಿಶೀಲಿಸಿ 2018ರಲ್ಲಿ ಪ್ರಕಟವಾದ ಅಧ್ಯಯನವೊಂದು, ಕಡಲು ಬಿಸಿಯೇರುತ್ತಿದ್ದರೂ ಅವು ಸಂತಾನೋತ್ಪತ್ತಿಯ ಕಾಲವನ್ನು ಒಟ್ಟಾರೆಯಾಗಿ ಬದಲಿಸಿಕೊಂಡಿಲ್ಲವೆಂದು ತೋರಿಸಿತು.

ಕಾಲವಷ್ಟೇ ಅಲ್ಲ, ಆಹಾರದ ಬಗೆಯೂ ತಪ್ಪಬಹುದು. ಪಫಿನ್ ಹಕ್ಕಿ ವರ್ಷಕ್ಕೆ ಇಡುವುದು ಒಂದೇ ಮೊಟ್ಟೆ. ತಂದೆತಾಯಿ ತಂದ ಮೀನನ್ನು ಮರಿ ಇಡಿಯಾಗಿ ನುಂಗಬೇಕು. 2012ರಲ್ಲಿ ಅಮೆರಿಕದ ಮೇನ್ ಕೊಲ್ಲಿ ಅಸಾಧಾರಣವಾಗಿ ಬಿಸಿಯಾದಾಗ ವಾಡಿಕೆಯ ಹೆರಿಂಗ್ ಮೀನು ವಿರಳವಾಗಿ, ಅಗಲವಾದ ಮೈಯ ಬಟರ್‌ಫಿಶ್ ಗೂಡುಗಳಿಗೆ ಬಂದಿತು. ಅದನ್ನು ನುಂಗಲಾಗದ ಎಷ್ಟೋ ಮರಿಗಳು ಮೀನು ಎದುರಿಗಿರುವಾಗಲೇ ಹಸಿದು ಸತ್ತವು. ಇದನ್ನೂ ಈ ಪದದ ವ್ಯಾಪ್ತಿಗೆ ಸೇರಿಸುವುದೇ ಸರಿಯೆಂದು ನನಗೆ ತೋರುತ್ತದೆ.

ಆದರೆ ಪದವನ್ನು ಎಲ್ಲೆಂದರಲ್ಲಿ ಬಳಸಬಾರದು. ದಾವಣಗೆರೆಯ ಕುಂದುವಾಡ ಕೆರೆಗೋ ಚನ್ನಗಿರಿಯ ಸೂಳೆಕೆರೆಗೋ ಚಳಿಗಾಲದಲ್ಲಿ ಬರುವ ಬಾತು, ರೀವ (ಟರ್ನ್) ಹಕ್ಕಿಗಳು ಒಳನಾಡಿನ ನೀರನ್ನು ನೆಚ್ಚಿದವು. ಅವುಗಳ ಸಂಖ್ಯೆ ಒಂದು ವರ್ಷ ಇಳಿದರೆ ಮೊದಲು ಕೆರೆಯಲ್ಲಿ ನೀರೆಷ್ಟಿತ್ತೆಂದು ನೋಡಬೇಕು. ಕಡಲಿನಲ್ಲೂ ಕಾರಣ ಒಂದೇ ಇರುವುದಿಲ್ಲ. ಉತ್ತರ ಸಮುದ್ರದ ಕಿಟ್ಟಿವೇಕ್ ಹಕ್ಕಿಗಳು ನೆಚ್ಚಿಕೊಂಡ ಸ್ಯಾಂಡ್‌ಈಲ್ ಮೀನಿನ ಮೇಲೆ ಬಿಸಿಯಾದ ನೀರಿನ ಜೊತೆಗೆ ಭಾರೀ ಪ್ರಮಾಣದ ಮೀನುಗಾರಿಕೆಯ ಒತ್ತಡವೂ ಇತ್ತು. ಆ ಮೀನುಗಾರಿಕೆಯನ್ನು ಬ್ರಿಟನ್ 2024ರಲ್ಲಿ ಉತ್ತರ ಸಮುದ್ರದ ಇಂಗ್ಲೆಂಡ್ ಭಾಗದಲ್ಲಿ ನಿಲ್ಲಿಸಿತು.