ಭೂತಾನಿನಲ್ಲಿ ಇಬ್ಬರು ಗಂಡಸರು ಒಂದೇ ರೂಮ್ ಕೇಳಬಹುದಾ?

ಭೂತಾನ್ ನೋಡಬೇಕು ಅಂತ ಆಸೆಪಟ್ಟ ಗೇ ಜೋಡಿಗೆ ಪಾರೋ ಕಣಿವೆ, ಬಂಡೆಗೆ ಅಂಟಿಕೊಂಡ ತಕ್ತ್‌ಸಾಂಗ್ ಮಠ ಇವೆಲ್ಲಕ್ಕಿಂತ ಮುಂಚೆ ತಲೆಗೆ ಬರುವುದು ಹೋಟೆಲಿನ ವಿಷಯ. ಇಬ್ಬರು ಗಂಡಸರು ಡಬಲ್ ಬೆಡ್ ರೂಮ್ ಕೇಳಿದರೆ ಏನಾದೀತು? ಕೇಳಬಹುದು. ಸಲಿಂಗ ಸಂಬಂಧ ಅಪರಾಧ ಅನ್ನುವ ಕಾನೂನು ಈಗ ಇಲ್ಲ. ಆದರೆ 2021ರ ಫೆಬ್ರವರಿವರೆಗೂ ಇತ್ತು. ಅದು ಹೇಗೆ ಬಂತು, ಹೇಗೆ ಹೋಯಿತು ಅನ್ನುವುದು ಗೊತ್ತಿದ್ದರೆ ಆ ದೇಶದ ಜನ ಇನ್ನೂ ಸ್ವಲ್ಪ ಅರ್ಥವಾಗುತ್ತಾರೆ.

ಭೂತಾನ್ ಯಾವತ್ತೂ ಬ್ರಿಟಿಷರ ವಸಾಹತು ಆಗಿರಲಿಲ್ಲ. ಆದರೂ 2004ರ ಅಲ್ಲಿನ ದಂಡ ಸಂಹಿತೆಯ 213ನೇ ಸೆಕ್ಷನ್ ಓದಿದರೆ ನಮಗೆ ಪರಿಚಯದ ಮಾತೇ ಕಾಣಿಸುತ್ತದೆ: 'ನಿಸರ್ಗದ ನಿಯಮಕ್ಕೆ ವಿರುದ್ಧವಾದ' ಲೈಂಗಿಕ ನಡತೆ ಅಪರಾಧ. ಇದು ನಮ್ಮ ಹಳೆಯ ದಂಡ ಸಂಹಿತೆಯ ಸೆಕ್ಷನ್ 377ರ ಮಾತು, 1860ರಲ್ಲಿ ಬ್ರಿಟಿಷರು ಬರೆದಿಟ್ಟದ್ದು. ಅವರು ಆಳದೇ ಇದ್ದ ದೇಶದ ಪುಸ್ತಕದೊಳಗೂ ಆ ಮಾತು ಹೋಗಿ ಕೂತಿತ್ತು. ಶಿಕ್ಷೆ ಒಂದು ತಿಂಗಳಿಂದ ಒಂದು ವರ್ಷದೊಳಗಿನ ಜೈಲು.

ಬೌದ್ಧ ದೇಶ ತಾನೇ, ಎಲ್ಲರನ್ನೂ ಒಪ್ಪಿಕೊಳ್ಳುತ್ತದೆ ಅಂತ ಹೊರಗಿನವರು ಸುಲಭವಾಗಿ ಅಂದುಬಿಡುತ್ತಾರೆ. ಅಷ್ಟು ಸರಳವಾಗಿಲ್ಲ. ಬೌದ್ಧರ ಐದು ನಿಯಮಗಳಾದ ಪಂಚಶೀಲದಲ್ಲಿ ಮೂರನೆಯದು ಕಾಮದಲ್ಲಿ ಕೆಟ್ಟ ನಡತೆ ಬೇಡ ಅನ್ನುತ್ತದೆ, ಯಾವುದು ಕೆಟ್ಟದ್ದು ಅನ್ನುವುದನ್ನು ಆಮೇಲಿನವರು ಬಿಡಿಸಿ ಬರೆದರು, ಆ ಹಳೆಯ ಟಿಬೆಟನ್ ವ್ಯಾಖ್ಯಾನಗಳಲ್ಲಿ ಗಂಡಸರ ನಡುವಿನ ಸಂಬಂಧವೂ ಕೆಟ್ಟದ್ದರ ಪಟ್ಟಿಯಲ್ಲಿದೆ. ಇನ್ನೊಂದು ಕಡೆ, ಭೂತಾನಿನಲ್ಲೇ ಹುಟ್ಟಿದ ಗುರು ಜೋಂಗ್‌ಸರ್ ಖ್ಯೆಂತ್ಸೆ ರಿಂಪೋಚೆ ಬಿಚ್ಚಿ ಹೇಳಿದರು: ಸತ್ಯ ಅರಿಯುವುದಕ್ಕೂ ನೀವು ಯಾರನ್ನು ಪ್ರೀತಿಸುತ್ತೀರಿ ಅನ್ನುವುದಕ್ಕೂ ಸಂಬಂಧ ಇಲ್ಲ, ಸುಮ್ನೆ ಸಹಿಸಿಕೊಂಡರೆ ಸಾಲದು, ಗೌರವ ಕೊಡಬೇಕು. ಒಬ್ಬ ಹುಡುಗ ತನ್ನ ಊರಿನ ಗುರುವಿನ ಬಾಯಲ್ಲೇ ಈ ಮಾತು ಕೇಳುವುದು ಎಷ್ಟು ದೊಡ್ಡದು, ಅಲ್ವಾ?

ಪುನಾಖಾ ಹತ್ತಿರದ ಚಿಮಿ ಲಾಖಾಂಗ್ ದೇವಾಲಯಕ್ಕೆ ಹೋದವರು ಸುತ್ತಲಿನ ಮನೆಗಳ ಗೋಡೆ ಮೇಲೆ ದೊಡ್ಡ ಶಿಶ್ನದ ಚಿತ್ರಗಳನ್ನು ನೋಡಿ, ಇಲ್ಲಿ ಇಂಥ ವಿಷಯಕ್ಕೆ ಮುಚ್ಚುಮರೆಯೇ ಇಲ್ಲ ಅಂದುಕೊಳ್ಳುತ್ತಾರೆ. ಆ ಚಿತ್ರಗಳು ಕೆಟ್ಟ ದೃಷ್ಟಿ ತಾಗದಿರಲಿ ಅಂತ ಬರೆಸಿದವು. ದ್ರುಕ್ಪಾ ಕುನ್ಲೆ ಅನ್ನುವ ಸಂತನ ನೆನಪಿನ ಜಾಗ ಅದು, ಮಕ್ಕಳಾಗಲಿ ಅಂತ ಬೇಡಿಕೊಳ್ಳಲು ಹೆಂಗಸರು ಬರುತ್ತಾರೆ. ಅದೇ ಊರಿನ ಹುಡುಗ ತಾನು ಗೇ ಅಂತ ಅಪ್ಪನಿಗೆ ಹೇಳುವುದು ಬೇರೆಯೇ ಸಂಗತಿ.

ಪ್ರವಾಸಿಗರಿಗೆ ಭೂತಾನ್ ಬಾಗಿಲು ತೆಗೆದದ್ದು 1974ರಲ್ಲಿ. ಕಡಿಮೆ ಜನ, ಜಾಸ್ತಿ ದುಡ್ಡು, ಇದು ಮೊದಲಿಂದಲೂ ಅವರ ನೀತಿ. ವಿದೇಶಿಯರು ದಿನಕ್ಕೆ ಇಷ್ಟು ಡಾಲರ್ ಅಂತ ಪ್ಯಾಕೇಜ್ ಕಟ್ಟಬೇಕಿತ್ತು, ಗೈಡ್ ಜೊತೆಗೇ ಓಡಾಡಬೇಕಿತ್ತು. ಹಾಗಾಗಿ ಬಂದುಹೋಗುವ ಸಲಿಂಗಿ ಜೋಡಿಯ ಬಗ್ಗೆ ಜಾಸ್ತಿ ತಿಳಿಯುತ್ತಿದ್ದವನು ಗೈಡ್. ಪ್ರವಾಸಿ ವಾರದಲ್ಲಿ ವಿಮಾನ ಹತ್ತುತ್ತಾನೆ. ಆ ಗೈಡೂ ಗೇ ಆಗಿದ್ದರೆ, ಸೆಕ್ಷನ್ 213 ಇದ್ದ ದೇಶದಲ್ಲೇ ಬಾಳಬೇಕು. ಈ ಕಾನೂನಿನ ನಿಜವಾದ ಭಾರ ಬಿದ್ದದ್ದು ಹೋಟೆಲಿಗೆ ಬಂದವರ ಮೇಲಲ್ಲ, ಅಲ್ಲೇ ಹುಟ್ಟಿ ಬೆಳೆದವರ ಮೇಲೆ ಅನ್ನುವುದು ನನ್ನ ನಂಬಿಕೆ.

ಕಾನೂನು ಹೋದ ರೀತಿ ನೋಡಿ. ನೇಪಾಳದಲ್ಲಿ ಸಲಿಂಗಿಗಳ ಹಕ್ಕಿಗಾಗಿ ಹೋರಾಟಗಾರ ಸುನಿಲ್ ಬಾಬು ಪಂತ್ ಕೋರ್ಟಿಗೆ ಹೋದರು, 2007ರಲ್ಲಿ ಸುಪ್ರೀಂ ಕೋರ್ಟ್ ಅವರ ಪರ ನಿಂತಿತು. ನಮ್ಮಲ್ಲೂ ಸಲಿಂಗ ಸಂಬಂಧ ಅಪರಾಧವಲ್ಲ ಅನ್ನುವ 2018ರ ಸೆಪ್ಟೆಂಬರ್ 6ರ ತೀರ್ಪು ಬಂದದ್ದು ಸುಪ್ರೀಂ ಕೋರ್ಟಿನಿಂದ. ಭೂತಾನಿನಲ್ಲಿ ಸಂಸತ್ತೇ ಈ ಕೆಲಸ ಮಾಡಿತು. 2019ರಲ್ಲಿ ಪ್ರಸ್ತಾಪ ಇಟ್ಟವರು ಹಣಕಾಸು ಸಚಿವ ನಾಮ್‌ಗೇ ತ್ಸೆರಿಂಗ್. ಈ ಸೆಕ್ಷನ್ ಒಮ್ಮೆಯೂ ಬಳಕೆಯಾಗಿಲ್ಲ, ಹೊರಗಿನ ಮಾನವ ಹಕ್ಕು ಸಂಸ್ಥೆಗಳ ಕಣ್ಣಿಗೆ ಚುಚ್ಚುತ್ತಿದೆ, ತೆಗೆಯೋಣ ಅಂದರು. ಆ ಜೂನ್‌ನಲ್ಲಿ ಕೆಳಮನೆ ಒಪ್ಪಿತು. 2020ರ ಡಿಸೆಂಬರ್ 10, ಮಾನವ ಹಕ್ಕುಗಳ ದಿನದಂದು ಜಂಟಿ ಅಧಿವೇಶನದಲ್ಲಿ 69 ಸದಸ್ಯರ ಪೈಕಿ 63 ಮಂದಿ ತಿದ್ದುಪಡಿಯ ಪರ ಮತ ಹಾಕಿದರು. 2021ರ ಫೆಬ್ರವರಿಯಲ್ಲಿ ದೊರೆ ಜಿಗ್ಮೆ ಖೇಸರ್ ಸಹಿ ಮಾಡಿದರು.

ಆಗ ಕೋವಿಡ್‌ನಿಂದ ಗಡಿ ಮುಚ್ಚಿತ್ತು, ದೇಶದಲ್ಲಿ ಪ್ರವಾಸಿಗರೇ ಇರಲಿಲ್ಲ. ಹೊಸ ಕಾನೂನಿನ ಗಾಳಿ ಮೊದಲು ಕುಡಿದವರು ಅಲ್ಲಿನ ಮಕ್ಕಳೇ ಅನ್ನುವುದು ನನಗೆ ತುಂಬಾ ಇಷ್ಟವಾದ ಸಂಗತಿ. 2022ರಲ್ಲಿ ಮಿಸ್ ಭೂತಾನ್ ಆದ ತಾಶಿ ಚೋಡೆನ್ ತಾನು ಲೆಸ್ಬಿಯನ್ ಅಂತ ಬಹಿರಂಗವಾಗಿಯೇ ಹೇಳಿಕೊಂಡ ಹುಡುಗಿ.

ಗಡಿ ಮತ್ತೆ ತೆರೆದದ್ದು 2022ರ ಸೆಪ್ಟೆಂಬರ್ 23ಕ್ಕೆ. ವಿದೇಶಿಯರು ರಾತ್ರಿಗೆ ಸರ್ಕಾರಕ್ಕೆ ಕಟ್ಟುವ ಶುಲ್ಕ 65 ಡಾಲರಿನಿಂದ 200ಕ್ಕೆ ಏರಿತ್ತು, ಮುಂದಿನ ವರ್ಷ 100ಕ್ಕೆ ಇಳಿಸಿದರು. ಭಾರತೀಯರಿಗೆ ರಾತ್ರಿಗೆ 1,200 ರೂಪಾಯಿ, ವೀಸಾ ಬೇಡ. ಸಲಿಂಗ ಮದುವೆಗೆ ಮಾತ್ರ ಅಲ್ಲಿ ಇನ್ನೂ ಮಾನ್ಯತೆ ಇಲ್ಲ.

ಹೋಗುವವರು ರೂಮ್ ವಿಷಯ ಬುಕ್ ಮಾಡುವಾಗಲೇ ಬಿಡಿಸಿ ಹೇಳಿ, ಮುಜುಗರ ತಪ್ಪುತ್ತದೆ. ಬೀದಿಯಲ್ಲಿ, ಮಠದಲ್ಲಿ ತಬ್ಬಿಕೊಳ್ಳುವುದು ಬೇಡ, ಈ ಮಾತು ಗಂಡು ಹೆಣ್ಣಿನ ಜೋಡಿಗೂ ಸೇರಿದ್ದು. ಮತ್ತೆ, ಗೈಡ್ ಹತ್ತಿರ ನಾಲ್ಕು ಜನರ ಎದುರಿಗೆ ನೀನೂ ಗೇನಾ ಅಂತ ಮಾತ್ರ ಕೇಳಬೇಡಿ. ಹೇಳಬೇಕು ಅನ್ನಿಸಿದರೆ ಅವರೇ ಹೇಳುತ್ತಾರೆ.