ಕೂದಲಂಚಿನ ಹಸಿರು ಗೆರೆ: ತಪ್ಪು ಮಾಸ್ಕ್‌ನದೋ, ಬಣ್ಣದ್ದೋ?

ಕಲ್ಯಾಣ ಮಂಟಪದ ಹಸಿರು ಗೋಡೆಯ ಮುಂದೆ ಮದುಮಗಳು ನಿಂತಿದ್ದಾಳೆ. ಜಡೆಗೆ ಮಲ್ಲಿಗೆ ದಂಡೆ, ಕಿವಿಯ ಪಕ್ಕ ಫ್ಯಾನಿನ ಗಾಳಿಗೆ ಎದ್ದ ಮುಂಗುರುಳು. ಆಲ್ಬಮ್‌ಗಾಗಿ ಆ ಗೋಡೆ ತೆಗೆದು, ಹಿಂದೆ ದೇವಸ್ಥಾನದ ಕಪ್ಪು ಕಲ್ಲಿನ ಕಂಬಗಳನ್ನು ಕೂರಿಸಬೇಕು. ಭುಜ, ಕೈ, ಸೀರೆಯ ಸೆರಗು ಬೇಗ ಮುಗಿಯುತ್ತವೆ. ಕೂದಲ ಸುತ್ತ ಮಾತ್ರ ತೆಳುವಾದ ಹಸಿರು ಗೆರೆಯೊಂದು ಉಳಿದುಬಿಡುತ್ತದೆ. ಅದನ್ನು ಒರೆಸಿದರೆ ಕೂದಲೂ ಹೋಗುತ್ತದೆ, ಕೂದಲನ್ನು ಉಳಿಸಿಕೊಂಡರೆ ಹಸಿರೂ ಉಳಿಯುತ್ತದೆ. ಎಷ್ಟೋ ಮಂದಿ ಇಲ್ಲಿ ತಮ್ಮ ಕೈ ಪಳಗಿಲ್ಲ ಎಂದುಕೊಂಡು ಮಾಸ್ಕ್ ಮೇಲೆ ಬ್ರಷ್ ಆಡಿಸುತ್ತಲೇ ಇರುತ್ತಾರೆ. ಆದರೆ ಈ ಗೆರೆಯ ಹಿಂದೆ ಒಂದು ಸರಳ ಲೆಕ್ಕವಿದೆ. ಮಾಸ್ಕ್ ಅನ್ನು ಎಷ್ಟೇ ತಿದ್ದಿದರೂ ಈ ಹಸಿರು ಹೋಗುವುದಿಲ್ಲ ಎಂದು ಆ ಲೆಕ್ಕವೇ ಹೇಳುತ್ತದೆ.

ಮಾಸ್ಕ್ ಎಂದರೆ ಚಿತ್ರದಷ್ಟೇ ಅಳತೆಯ ಇನ್ನೊಂದು ಕಪ್ಪು-ಬಿಳುಪು ಚಿತ್ರ. ಬಿಳಿ ಇದ್ದಲ್ಲಿ ಲೇಯರ್ (ಒಂದರ ಮೇಲೊಂದು ಇಟ್ಟ ಚಿತ್ರಗಳಲ್ಲಿ ಒಂದು ಪದರ) ಪೂರ್ತಿ ಕಾಣುತ್ತದೆ, ಕಪ್ಪು ಇದ್ದಲ್ಲಿ ಪೂರ್ತಿ ಮರೆಯಾಗುತ್ತದೆ. 8 ಬಿಟ್ ಕಡತದಲ್ಲಿ ಕಪ್ಪಿಗೆ 0, ಬಿಳಿಗೆ 255. ನಡುವೆ 254 ಬಗೆಯ ಬೂದು. ಈ ಬೂದಿಗೇ ನಿಜವಾದ ಬೆಲೆ. ಮಾಸ್ಕ್ ಅನ್ನು ಕತ್ತರಿ ಎಂದುಕೊಂಡವರಿಗೆ ಬೂದು ಬಣ್ಣ ಕೊಳೆಯಂತೆ ಕಾಣುತ್ತದೆ. ಅಸಲಿಗೆ ಆ ಬೂದು ಹೇಳುವುದು ಇಷ್ಟು: ಈ ಒಂದು ಪಿಕ್ಸೆಲ್‌ನಲ್ಲಿ ಎಷ್ಟು ಪಾಲು ಕೂದಲು, ಎಷ್ಟು ಪಾಲು ಗೋಡೆ.

ಒಂದೇ ಪಿಕ್ಸೆಲ್‌ನಲ್ಲಿ ಎರಡೂ ಹೇಗಿರಲು ಸಾಧ್ಯ? 24 ಮೆಗಾಪಿಕ್ಸೆಲ್ ಕ್ಯಾಮೆರಾ ಕೊಡುವ ಚಿತ್ರ ಸಾಮಾನ್ಯವಾಗಿ 6000 × 4000 ಪಿಕ್ಸೆಲ್. ಕ್ಯಾಮೆರಾವನ್ನು ನಿಲುವಾಗಿ ಹಿಡಿದು, ತಲೆಯಿಂದ ಸೊಂಟದವರೆಗೆ ಸುಮಾರು ಒಂದು ಮೀಟರ್ ಎತ್ತರವನ್ನು ಆ 6000 ಪಿಕ್ಸೆಲ್‌ಗಳಲ್ಲಿ ತುಂಬಿದರೆ ಒಂದೊಂದು ಪಿಕ್ಸೆಲ್ ಪಾಲಿಗೆ ಬರುವುದು 0.17 ಮಿಲಿಮೀಟರ್. ತಲೆಗೂದಲಿನ ದಪ್ಪ ಸುಮಾರು 0.07ರಿಂದ 0.08 ಮಿಲಿಮೀಟರ್. ಅಂದರೆ ಒಂಟಿ ಕೂದಲು ಒಂದು ಪಿಕ್ಸೆಲ್‌ನ ಅರ್ಧವನ್ನೂ ತುಂಬುವುದಿಲ್ಲ. ಲೆನ್ಸಿನ ಮಸುಕು ಸೇರಿದರೆ ಅದು ಅಕ್ಕಪಕ್ಕದ ಪಿಕ್ಸೆಲ್‌ಗಳಿಗೂ ಹರಡಿ ಇನ್ನೂ ತೆಳುವಾಗುತ್ತದೆ. ಹಾಗಾಗಿ ಸರಿಯಾದ ಮಾಸ್ಕ್‌ನಲ್ಲಿ ಒಂಟಿ ಕೂದಲು ಎಂದೂ ಅಚ್ಚ ಬಿಳಿಯಾಗಿರುವುದಿಲ್ಲ, ಬೂದಾಗಿಯೇ ಇರಬೇಕು.

ಈ ಪಾಲಿನ ಲೆಕ್ಕಕ್ಕೆ ಆಲ್ಫಾ ಎಂದು ಹೆಸರಿಟ್ಟವರು ಆಲ್ವಿ ರೇ ಸ್ಮಿತ್ ಮತ್ತು ಎಡ್ ಕ್ಯಾಟ್ಮಲ್. 1970ರ ದಶಕದ ಕೊನೆಯಲ್ಲಿ ಅವರು ನ್ಯೂಯಾರ್ಕ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯಲ್ಲಿದ್ದರು. 1984ರಲ್ಲಿ ಲೂಕಾಸ್‌ಫಿಲ್ಮ್‌ನ ಥಾಮಸ್ ಪೋರ್ಟರ್ ಮತ್ತು ಟಾಮ್ ಡಫ್ ಚಿತ್ರಗಳನ್ನು ಒಂದರ ಮೇಲೊಂದು ಕೂರಿಸುವ ಇಡೀ ಗಣಿತವನ್ನು ಒಂದು ಪ್ರಬಂಧದಲ್ಲಿ ಕ್ರಮಬದ್ಧವಾಗಿ ಬರೆದರು. ಇಂದು ಫೋಟೋಶಾಪ್, ಗಿಂಪ್, ಮೊಬೈಲ್ ಆ್ಯಪ್‌ಗಳೆಲ್ಲ ಆ ಗಣಿತದ ಮೇಲೆಯೇ ನಿಂತಿವೆ: ಮುಂದಿನದರ ಬಣ್ಣವನ್ನು ಅದರ ಪಾಲಿನಿಂದ ಗುಣಿಸು, ಹಿಂದಿನದರ ಬಣ್ಣವನ್ನು ಉಳಿದ ಪಾಲಿನಿಂದ ಗುಣಿಸು, ಎರಡನ್ನೂ ಕೂಡಿಸು.

ಈಗ ಮದುಮಗಳ ಒಂದು ಮುಂಗುರುಳಿಗೆ ಬರೋಣ. ಪ್ರತಿ ಪಿಕ್ಸೆಲ್‌ಗೂ ಕೆಂಪು, ಹಸಿರು, ನೀಲಿ ಎಂಬ ಮೂರು ಬೆಲೆಗಳಿರುತ್ತವೆ. ಹಸಿರಿನ ಬೆಲೆಗಳಷ್ಟೇ ಇರುವ ಹಸಿರು ಚಾನೆಲ್ ಒಂದನ್ನೇ ನೋಡಿದರೆ ಸಾಕು. ಲೆಕ್ಕ ಸುಲಭವಾಗಲೆಂದು ಸಂಖ್ಯೆಗಳನ್ನು ನೇರವಾಗಿಯೇ ಬೆರೆಸೋಣ. ಗೋಡೆಯ ಬೆಲೆ 190, ದಟ್ಟ ಕೂದಲಿನ ಬೆಲೆ 30 ಎಂದಿಟ್ಟುಕೊಳ್ಳಿ. ಪಿಕ್ಸೆಲ್‌ನಲ್ಲಿ ಕೂದಲಿನ ಪಾಲು ಶೇ. 40. ಆಗ ಕ್ಯಾಮೆರಾ ಕೊಟ್ಟ ಬೆಲೆ: 30ರ ಶೇ. 40 ಅಂದರೆ 12, 190ರ ಶೇ. 60 ಅಂದರೆ 114, ಒಟ್ಟು 126. ಮಾಸ್ಕ್ ಕರಾರುವಾಕ್ಕಾಗಿದೆ, ಅದರಲ್ಲೂ ಶೇ. 40 ಎಂದೇ ಇದೆ. ಹೊಸ ಹಿನ್ನೆಲೆಯ ಕಲ್ಲಿನ ಬೆಲೆ 20. ಸಾಫ್ಟ್‌ವೇರ್ 126ರ ಶೇ. 40ನ್ನೂ 20ರ ಶೇ. 60ನ್ನೂ ಕೂಡಿಸಿ ಸುಮಾರು 62 ಎನ್ನುತ್ತದೆ. ನಿಜವಾಗಿ ಆ ಕೂದಲು ಆ ಕಲ್ಲಿನ ಮುಂದೆ ಇದ್ದಿದ್ದರೆ ಬರಬೇಕಾದದ್ದು 24. ಈ 62ಕ್ಕೂ 24ಕ್ಕೂ ನಡುವಿನ ಅಂತರವೇ ನಮ್ಮ ಕಣ್ಣಿಗೆ ಚುಚ್ಚುವ ಹಸಿರು ಗೆರೆ. ಮಾಸ್ಕ್ ಅನ್ನು ಕಪ್ಪಾಗಿಸುತ್ತಾ ಹೋಗಿ ಅದನ್ನು 24ಕ್ಕೆ ಇಳಿಸಬೇಕೆಂದರೆ ಕೂದಲಿನ ಪಾಲನ್ನು ಶೇ. 40ರಿಂದ ಶೇ. 4ಕ್ಕೆ ತರಬೇಕು. ಅಷ್ಟಕ್ಕೆ ಬಂದರೆ ಕೂದಲೇ ಇಲ್ಲ.

ಮಾಸ್ಕ್ ಸರಿಯಾಗಿಯೇ ಇದೆ. ತಪ್ಪಿರುವುದು ಲೇಯರ್‌ನ ಬಣ್ಣ. ಆ ಪಿಕ್ಸೆಲ್‌ನೊಳಗೆ ಗೋಡೆ ಈಗಾಗಲೇ ಬೆರೆತುಹೋಗಿದೆ. ನನ್ನ ಮಟ್ಟಿಗೆ ಮಾಸ್ಕ್ ಕೆಲಸದ ಅತಿ ಮುಖ್ಯ ವಿಚಾರ ಇದು: ಅಂಚು ಕೆಟ್ಟಾಗ ಮೊದಲು ಪಾಲು ತಪ್ಪಿದೆಯೋ ಬಣ್ಣ ತಪ್ಪಿದೆಯೋ ಎಂದು ಬೇರ್ಪಡಿಸಿ ನೋಡಬೇಕು. ಎರಡಕ್ಕೂ ಮದ್ದು ಬೇರೆ ಬೇರೆ.

ಬೇರ್ಪಡಿಸುವುದು ಕಷ್ಟವಲ್ಲ. ಆಲ್ಟ್ ಕೀ ಒತ್ತಿ ಮಾಸ್ಕ್‌ನ ಚಿಕ್ಕ ಚಿತ್ರದ ಮೇಲೆ ಕ್ಲಿಕ್ ಮಾಡಿದರೆ ಪರದೆಯ ತುಂಬ ಮಾಸ್ಕ್ ಮಾತ್ರ ಕಾಣುತ್ತದೆ. ಶಿಫ್ಟ್ ಒತ್ತಿ ಕ್ಲಿಕ್ ಮಾಡಿದರೆ ಫೋಟೋಶಾಪ್‌ನಲ್ಲಿ ಮಾಸ್ಕ್ ತಾತ್ಕಾಲಿಕವಾಗಿ ಆರಿಹೋಗುತ್ತದೆ. ಬ್ಯಾಕ್‌ಸ್ಲ್ಯಾಶ್ ಒತ್ತಿದರೆ ಮರೆಯಾದ ಭಾಗಗಳ ಮೇಲೆ ಕೆಂಪು ಹಾಳೆ ಹಾಸಿದಂತೆ ಕಾಣುತ್ತದೆ. ಆ ಕೆಂಪು ಬಂದದ್ದು ಅಚ್ಚುಕೂಟದಿಂದ. ಪ್ಲೇಟ್ ತಯಾರಿಸುವವರು ರೂಬಿಲಿತ್ ಎಂಬ ಕೆಂಪು ಪೊರೆಯನ್ನು ಚಾಕುವಿನಿಂದ ಕತ್ತರಿಸಿ ಮಾಸ್ಕ್ ಮಾಡುತ್ತಿದ್ದರು. ಅಚ್ಚಿನ ಫಿಲ್ಮ್‌ಗೆ ಕೆಂಪು ಬೆಳಕು ಕಾಣುವುದಿಲ್ಲವಾದ್ದರಿಂದ ಅದರ ಪಾಲಿಗೆ ಆ ಪೊರೆ ಕಡುಗಪ್ಪು. ಕೆಲಸಗಾರನ ಕಣ್ಣಿಗೆ ಮಾತ್ರ ಕೆಳಗಿನ ಚಿತ್ರ ಪೊರೆಯೊಳಗಿಂದ ಕಾಣುತ್ತಿತ್ತು. ಮೊದಮೊದಲ ಕಂಪ್ಯೂಟರ್ ಚಿಪ್‌ಗಳ ವಿನ್ಯಾಸವನ್ನೂ ಇದೇ ಪೊರೆಯಲ್ಲಿ ಕೈಯಿಂದ ಕತ್ತರಿಸುತ್ತಿದ್ದರು.

ಮಾಸ್ಕ್ ಅನ್ನು ಒಂಟಿಯಾಗಿ ನೋಡಿದಾಗ ಮೊದಲು ಹುಡುಕಬೇಕಾದದ್ದು ಬಿಳಿಯಂತೆ ತೋರುವ, ಆದರೆ ಬಿಳಿಯಲ್ಲದ ಜಾಗಗಳನ್ನು. ಕೆನ್ನೆಯ ಮೇಲೆ 240 ಇದ್ದರೆ ಕಣ್ಣಿಗೆ ಬಿಳಿಯೇ, ಆದರೆ ಹಿನ್ನೆಲೆ ಶೇ. 6ರಷ್ಟು ಅದರೊಳಗಿಂದ ಇಣುಕುತ್ತಿರುತ್ತದೆ. ಹಾಗೆಯೇ ಹೊರಗಡೆ ಕಪ್ಪಿನಂತೆ ತೋರುವ 8, 10ರ ಬೆಲೆಗಳು ಗೋಡೆಯ ಮಬ್ಬು ನೆರಳನ್ನು ಉಳಿಸುತ್ತವೆ. ಕೆಳಗೆ ಕಣ್ಣು ಕುಕ್ಕುವ ನೇರಳೆಯ ಲೇಯರ್ ಒಂದನ್ನು ತಾತ್ಕಾಲಿಕವಾಗಿ ಹಾಕಿದರೆ ಎರಡೂ ಬಯಲಾಗುತ್ತವೆ. ಇನ್ನು ಬ್ರಷ್ ಆಡಿಸಿದರೂ ಏನೂ ಬದಲಾಗುತ್ತಿಲ್ಲ, ಅಥವಾ ಮುಖದ ಮೇಲೆ ಕಪ್ಪು ಬಣ್ಣ ಬೀಳುತ್ತಿದೆ ಎಂದರೆ ಬಹುಮಟ್ಟಿಗೆ ಮಾಸ್ಕ್ ಬದಲು ಚಿತ್ರ ಆಯ್ಕೆಯಾಗಿರುತ್ತದೆ, ಇಲ್ಲವೇ ಬ್ರಷ್‌ನ ಒಪಾಸಿಟಿ (ಬಳಿಯುವ ಬಣ್ಣದ ದಟ್ಟತೆ) ಇಳಿದಿರುತ್ತದೆ.

ಪಾಲು ಸರಿಪಡಿಸಲು ನನಗೆ ಇಂದಿಗೂ ಹೆಚ್ಚು ನಂಬಿಕೆ ಇರುವುದು ಚಾನೆಲ್‌ಗಳ ಹಳೆಯ ವಿಧಾನದಲ್ಲಿ. ನಮ್ಮ ಚಿತ್ರದಲ್ಲಿ ಹಸಿರು ಚಾನೆಲ್‌ನಲ್ಲಿ ಗೋಡೆ 190, ಕೂದಲು 30. ಅದನ್ನು ನಕಲು ಮಾಡಿ ತಿರುವುಮುರುವು ಮಾಡಿದರೆ, ಅಂದರೆ ಪ್ರತಿ ಬೆಲೆಯನ್ನೂ 255ರಿಂದ ಕಳೆದರೆ, ಗೋಡೆ 65, ಕೂದಲು 225 ಆಗುತ್ತದೆ. ಲೆವೆಲ್ಸ್‌ನಲ್ಲಿ (ಯಾವ ಬೆಲೆ ಅಚ್ಚ ಕಪ್ಪಾಗಬೇಕು, ಯಾವುದು ಅಚ್ಚ ಬಿಳಿಯಾಗಬೇಕು ಎಂದು ನಿಗದಿ ಮಾಡುವ ಸಾಧನ) ಕಪ್ಪು ತುದಿಯನ್ನು 65ಕ್ಕೆ, ಬಿಳಿ ತುದಿಯನ್ನು 225ಕ್ಕೆ ಇಡಿ. ಆ ಮುಂಗುರುಳಿನ 126 ಈಗ 129 ಆಗಿದೆಯಲ್ಲ, ಅದು ಸರಿಯಾಗಿ ಶೇ. 40ಕ್ಕೆ ಬಂದು ಕೂರುತ್ತದೆ. ಲೆವೆಲ್ಸ್ ತುದಿಗಳನ್ನು ಊಹೆಯ ಮೇಲೆ ಎಳೆಯುವ ಅಗತ್ಯವೇ ಇಲ್ಲ. ಐಡ್ರಾಪರ್‌ನಿಂದ ಗೋಡೆಯ ಬೆಲೆ, ಕೂದಲಿನ ಬೆಲೆ ಅಳೆದು ಅಲ್ಲಿಗೇ ಇಟ್ಟರೆ ಸಾಕು. ಅಂಚು ಇನ್ನಷ್ಟು ಚೂಪಾಗಲಿ ಎಂದು ತುದಿಗಳನ್ನು ಒಳಗೆ ತಳ್ಳಿದಿರೋ, ತೆಳು ಕೂದಲು ಮಾಯವಾಗಿ ದಪ್ಪ ಕೂದಲು ತಂತಿಯಂತಾಗುತ್ತದೆ. ಗೋಡೆಯ ಒಂದು ಬದಿಗೆ ಬೆಳಕು ಹೆಚ್ಚು ಬಿದ್ದಿದ್ದರೆ ಎರಡೂ ಬದಿಗೆ ಬೇರೆ ಬೇರೆ ಅಳತೆ ಬೇಕು.

ಮಲ್ಲಿಗೆಗೆ ಈ ಚಾನೆಲ್ ಒದಗುವುದಿಲ್ಲ. ಹೂವಿನ ಬಿಳಿ ಹಸಿರು ಚಾನೆಲ್‌ನಲ್ಲಿ 230ರ ಆಸುಪಾಸು, ಗೋಡೆ 190. ತಿರುವಿದ ಮೇಲೆ ಹೂವು ಗೋಡೆಗಿಂತಲೂ ಕಪ್ಪಾಗಿ ದಂಡೆಯ ಜಾಗದಲ್ಲಿ ತೂತು ಬೀಳುತ್ತದೆ. ನೀಲಿ ಚಾನೆಲ್ ತೆರೆದರೆ ಚಿತ್ರವೇ ಬೇರೆ: ಅಲ್ಲಿ ಗೋಡೆ 90ಕ್ಕೆ ಇಳಿದಿರುತ್ತದೆ, ಮಲ್ಲಿಗೆ 220ರಲ್ಲೇ ಹೊಳೆಯುತ್ತಿರುತ್ತದೆ. ಹೀಗಾಗಿ ಕೂದಲಿಗೆ ಹಸಿರಿನಿಂದ ಒಂದು, ಹೂವಿಗೆ ನೀಲಿಯಿಂದ (ಇದನ್ನು ತಿರುವಬೇಕಿಲ್ಲ) ಒಂದು, ಹೀಗೆ ಎರಡು ಮಾಸ್ಕ್ ಮಾಡಿ ಲೈಟನ್ ವಿಧಾನದಲ್ಲಿ (ಎರಡರಲ್ಲಿ ಹೆಚ್ಚು ಬೆಳ್ಳಗಿರುವುದನ್ನು ಉಳಿಸುವ ವಿಧಾನ) ಕೂಡಿಸಬೇಕು. ಮುಖ, ಸೀರೆಯ ಒಳಭಾಗಗಳಿಗೆ ಬಿಳಿ ತುಂಬಿದರಾಯಿತು. ಉಳಿದ ಚಿಕ್ಕಪುಟ್ಟ ಕಲೆಗಳಿಗೆ ಓವರ್‌ಲೇ ವಿಧಾನದ ಬ್ರಷ್ ಬಹಳ ಒಳ್ಳೆಯದು. ಅದು ಅಚ್ಚ ಕಪ್ಪನ್ನೂ ಅಚ್ಚ ಬಿಳಿಯನ್ನೂ ಮುಟ್ಟುವುದಿಲ್ಲ, ನಡುವಿನ ಬೂದನ್ನು ಮಾತ್ರ ಬೇಕಾದ ಕಡೆಗೆ ದೂಡುತ್ತದೆ.

ಆದರೆ ಚಿತ್ರ ವಾಟ್ಸಾಪ್‌ನಲ್ಲಿ ಬಂದ ಜೆಪೆಗ್ ಆಗಿದ್ದರೆ ಈ ಲೆಕ್ಕಗಳು ಅಲ್ಲಾಡುತ್ತವೆ. ನಮ್ಮ ಕಣ್ಣು ಬೆಳಕಿನ ಏರಿಳಿತವನ್ನು ಹಿಡಿಯುವಷ್ಟು ಸೂಕ್ಷ್ಮವಾಗಿ ಬಣ್ಣದ ಏರಿಳಿತವನ್ನು ಹಿಡಿಯುವುದಿಲ್ಲ. ಜೆಪೆಗ್ ಇದನ್ನೇ ಬಳಸಿಕೊಂಡು ಸಾಮಾನ್ಯವಾಗಿ ನಾಲ್ಕು ಪಿಕ್ಸೆಲ್‌ಗೆ ಒಂದೇ ಬಣ್ಣದ ಮಾಹಿತಿ ಇಟ್ಟುಕೊಳ್ಳುತ್ತದೆ. ನೋಡುವಾಗ ಗೊತ್ತಾಗದ ಈ ಉಳಿತಾಯ ಬಣ್ಣ ಆಧರಿಸಿ ಮಾಸ್ಕ್ ಮಾಡುವಾಗ ಮೆಟ್ಟಿಲು ಮೆಟ್ಟಿಲಾದ ಅಂಚಾಗಿ ಎದ್ದು ಬರುತ್ತದೆ. ರಾ ಕಡತ (ಕ್ಯಾಮೆರಾದ ಕಚ್ಚಾ ದತ್ತಾಂಶ) ಸಿಕ್ಕರೆ ಅದೇ ಮೇಲು. ಇಲ್ಲವಾದರೆ ಫೋಟೋ ತೆಗೆದವರಿಂದ ಮೂಲ ಕಡತವನ್ನು ಡಾಕ್ಯುಮೆಂಟ್ ರೂಪದಲ್ಲಿ ಕಳಿಸಿಕೊಳ್ಳಿ.

ಪಾಲು ಸರಿಯಾಯಿತು, ಇನ್ನು ಬಣ್ಣ. ಮದುಮಗಳ ಲೇಯರ್ ಮೇಲೆ ಹೊಸ ಲೇಯರ್ ತೆರೆದು ಅದಕ್ಕೆ ಕ್ಲಿಪ್ ಮಾಡಿ (ಕೆಳಗಿನ ಲೇಯರ್ ಕಾಣುವಲ್ಲಿ ಮಾತ್ರ ಇದೂ ಕಾಣುವಂತೆ ಜೋಡಿಸಿ), ದಟ್ಟ ಕೂದಲಿನಿಂದ ಬಣ್ಣ ಆರಿಸಿಕೊಂಡು, ಮೃದು ಬ್ರಷ್‌ನಿಂದ ಹಸಿರು ಗೆರೆಯ ಮೇಲೆ ಬಳಿಯಿರಿ. ಕೂದಲಿನ ಆಕಾರವನ್ನು ಮಾಸ್ಕ್ ಕಾಯುತ್ತಿರುವುದರಿಂದ ಬ್ರಷ್ ಹೊರಗೆ ಹರಿದರೂ ಚಿಂತೆಯಿಲ್ಲ. ಕೆಲವರು ಕಲರ್ ಬ್ಲೆಂಡ್ ವಿಧಾನ ಸಾಕು ಎನ್ನುತ್ತಾರೆ. ಅದು ಹಸಿರಿನ ಛಾಯೆಯನ್ನು ಮಾತ್ರ ತೆಗೆಯುತ್ತದೆ, ಹೊಳಪನ್ನು ಹಾಗೇ ಬಿಡುತ್ತದೆ. ಕಪ್ಪು ಹಿನ್ನೆಲೆಯ ಮೇಲೆ ಹಸಿರು ಗೆರೆ ಹೋಗಿ ಬೂದು ಗೆರೆ ಬರುತ್ತದೆ, ಅಷ್ಟೆ. ಇಲ್ಲಿ ನಾರ್ಮಲ್ ವಿಧಾನವೇ ಸರಿ. ಫೋಟೋಶಾಪ್‌ನ ಸೆಲೆಕ್ಟ್ ಅಂಡ್ ಮಾಸ್ಕ್‌ನಲ್ಲಿರುವ ಡಿಕಂಟ್ಯಾಮಿನೇಟ್ ಕಲರ್ಸ್ ಇದನ್ನೇ ತಾನಾಗಿ ಮಾಡುತ್ತದೆ, ಒಳಗಿನ ಬಣ್ಣವನ್ನು ಅಂಚಿಗೆ ಎಳೆದು ತರುತ್ತದೆ. ಅದು ಲೇಯರ್‌ನ ಪಿಕ್ಸೆಲ್‌ಗಳನ್ನೇ ಬದಲಿಸುವುದರಿಂದ ಮೂಲ ಲೇಯರ್‌ನ ನಕಲು ಇಟ್ಟುಕೊಂಡಿರಬೇಕು.

ಇಷ್ಟನ್ನೆಲ್ಲ ಯಂತ್ರವೇ ಒಂದೇ ಕ್ಲಿಕ್‌ನಲ್ಲಿ ಏಕೆ ಮಾಡಬಾರದು? ಒಂದು ಪಿಕ್ಸೆಲ್‌ನಿಂದ ನಮಗೆ ಸಿಗುವುದು ಕೆಂಪು, ಹಸಿರು, ನೀಲಿ ಎಂಬ ಮೂರು ಸಂಖ್ಯೆ. ಹುಡುಕಬೇಕಾದದ್ದು ಏಳು: ಕೂದಲಿನ ಮೂರು, ಗೋಡೆಯ ಮೂರು, ಪಾಲು ಒಂದು. ಗೋಡೆಯ ಬಣ್ಣ ಖಚಿತವಾಗಿ ಗೊತ್ತಿದ್ದರೂ ನಾಲ್ಕು ಉಳಿಯುತ್ತವೆ. ಅದೇ ವಸ್ತುವನ್ನು ಅಲುಗಾಡದಂತೆ ಎರಡು ಬೇರೆ ಬಣ್ಣದ ಹಿನ್ನೆಲೆಗಳ ಮುಂದೆ ಚಿತ್ರಿಸಿದರೆ ಉತ್ತರ ಪೂರ್ತಿ ಸಿಗುತ್ತದೆ ಎಂದು 1996ರಲ್ಲಿ ಸ್ಮಿತ್ ಮತ್ತು ಜೇಮ್ಸ್ ಬ್ಲಿನ್ ತೋರಿಸಿಕೊಟ್ಟರು. ಮದುವೆ ಮನೆಯಲ್ಲಿ ಅದು ನಡೆಯುವ ಮಾತಲ್ಲ. ಆದ್ದರಿಂದ ಸಾಫ್ಟ್‌ವೇರ್‌ಗಳು ಚಿತ್ರವನ್ನು ಮೂರಾಗಿ ಹಂಚುತ್ತವೆ: ಖಂಡಿತ ಮುಂದಿನದು, ಖಂಡಿತ ಹಿಂದಿನದು, ಗೊತ್ತಿಲ್ಲದ್ದು. ರಿಫೈನ್ ಎಡ್ಜ್ ಬ್ರಷ್‌ನಿಂದ ನಾವು ಬಳಿಯುವುದು ಈ ‘ಗೊತ್ತಿಲ್ಲದ್ದು’ ಎಂಬ ಪಟ್ಟಿಯನ್ನು. ಕೂದಲ ಬಳಿ ಆ ಪಟ್ಟಿ ಅಗಲವಾಗಿರಬೇಕು, ಭುಜದ ಬಳಿ ಎರಡು ಮೂರು ಪಿಕ್ಸೆಲ್ ಇದ್ದರೆ ಹೆಚ್ಚಾಯಿತು. ಇಡೀ ದೇಹಕ್ಕೆ ಒಂದೇ ಫೆದರ್ (ಅಂಚನ್ನು ಮಸುಕಾಗಿಸುವ ಅಳತೆ) ಬೆಲೆ ಕೊಟ್ಟಾಗ ಭುಜ ಹೊಗೆಯಂತೆ ಕರಗಿ, ಕೂದಲು ಹೆಲ್ಮೆಟ್ ಹಾಕಿದಂತೆ ಕಾಣುವುದು ಇದಕ್ಕೇ.

ಹೊಸ ಎಐ ಸಾಧನಗಳು ಯಾವುದು ಮನುಷ್ಯ, ಯಾವುದು ಗೋಡೆ ಎಂಬುದನ್ನು ಬೆರಗಾಗುವಷ್ಟು ಚೆನ್ನಾಗಿ ಗುರುತಿಸುತ್ತವೆ. ಪಾಲಿನ ಲೆಕ್ಕ ಬೇರೆ ವಿಷಯ. 2023ರಲ್ಲಿ ಮೆಟಾ ಹೊರತಂದ ಸೆಗ್ಮೆಂಟ್ ಎನಿಥಿಂಗ್ ಮಾದರಿ ಮಾಸ್ಕ್ ಅನ್ನು 256 × 256 ಅಳತೆಯಲ್ಲಿ ಕಟ್ಟಿ ನಂತರ ಹಿಗ್ಗಿಸುತ್ತದೆ. 6000 ಪಿಕ್ಸೆಲ್ ಎತ್ತರದ ಚಿತ್ರದಲ್ಲಿ ಅದರ ಒಂದು ಚೌಕ ಸುಮಾರು 23 ಪಿಕ್ಸೆಲ್‌ಗಳಷ್ಟು ದೊಡ್ಡದು, ಕೂದಲಿಗೆ ಅಲ್ಲಿ ಜಾಗವೇ ಇಲ್ಲ. ಇಂಥ ಮಾಸ್ಕ್ ಅನ್ನು ಮೊದಲ ಹೆಜ್ಜೆಯಾಗಿ ತೆಗೆದುಕೊಂಡು, ಅಂಚಿಗೆ ಚಾನೆಲ್ ಅಥವಾ ರಿಫೈನ್ ಬ್ರಷ್ ಬಳಸುವುದೇ ಲೇಸು.

ಬೆರೆಸುವ ಲೆಕ್ಕದಲ್ಲಿ ಇನ್ನೊಂದು ಸೂಕ್ಷ್ಮವಿದೆ. ಕಡತದಲ್ಲಿರುವ 128 ಎಂಬ ಸಂಖ್ಯೆ ಅರ್ಧ ಬೆಳಕಲ್ಲ; ಎಸ್‌ಆರ್‌ಜಿಬಿ (ಸಾಮಾನ್ಯವಾಗಿ ಬಳಸುವ ಬಣ್ಣದ ಮಾನದಂಡ) ಪರದೆಯಲ್ಲಿ ಅದು 255 ಕೊಡುವ ಬೆಳಕಿನ ಶೇ. 22 ಮಾತ್ರ. ಅರ್ಧ ಬೆಳಕಿಗೆ 188 ಬೇಕು. ಬಿಳಿ ಮಲ್ಲಿಗೆಯ ಎಸಳಿನಂಚು ಕಪ್ಪು ಕಲ್ಲಿನ ಮೇಲೆ ಅರ್ಧಕ್ಕರ್ಧ ಬೆರೆಯುವ ಕಡೆ ನಿಸರ್ಗ 188 ಕೊಡುತ್ತದೆ, ನೇರ ಸಂಖ್ಯೆಗಳನ್ನು ಬೆರೆಸುವ ಸಾಫ್ಟ್‌ವೇರ್ 128 ಕೊಡುತ್ತದೆ. ಹೂವು ತುಸು ಬಾಡಿ ಸಣ್ಣಗಾದಂತೆ ಕಾಣುತ್ತದೆ. 2018ರಲ್ಲಿ ಬಂದ ಗಿಂಪ್ 2.10ರಲ್ಲಿ ಬೆಳಕಿನ ಲೆಕ್ಕದಲ್ಲೇ ಬೆರೆಸುವ ಸೌಲಭ್ಯವಿದೆ. ಫೋಟೋಶಾಪ್‌ನ ಕಲರ್ ಸೆಟಿಂಗ್ಸ್‌ನಲ್ಲೂ ಗಾಮಾ 1.00 ಎಂದು ಆರಿಸಿಕೊಳ್ಳಬಹುದು. ಅದನ್ನು ಮುಟ್ಟಲು ಮನಸ್ಸಿಲ್ಲದಿದ್ದರೆ ಹೂವಿನಂಚಿನ ಮಾಸ್ಕ್ ಭಾಗವನ್ನು ಆರಿಸಿಕೊಂಡು ಲೆವೆಲ್ಸ್‌ನ ನಡುವಿನ ಗುಬುಟನ್ನು ಎಡಕ್ಕೆ, ಅಂದರೆ ಕಪ್ಪು ತುದಿಯ ಕಡೆಗೆ, ಸ್ವಲ್ಪ ಸರಿಸಿ; ನಡುವಿನ ಬೂದು ಬೆಳ್ಳಗಾಗುತ್ತದೆ.

ಹಿನ್ನೆಲೆ ಬದಲಿಸದೆ ಬರೀ ಬೆಳಕು ತಿದ್ದುವ ಮಾಸ್ಕ್‌ಗಳಿಗೆ ಇಷ್ಟು ತಲೆಬಿಸಿ ಬೇಡ. ಕುದುರೆಮುಖದ ಬೆಟ್ಟದ ಸಾಲಿನ ಮೇಲಿನ ಆಕಾಶವನ್ನಷ್ಟೇ ಕಪ್ಪಾಗಿಸುವಾಗ ಹೊರಗಿನ ಬಣ್ಣ ಯಾವುದೂ ಬರುವುದಿಲ್ಲ. ಬೆಟ್ಟದಂಚಿಗೆ ಬೆಳ್ಳನೆ ಪ್ರಭೆ ಕಾಣಿಸಿದರೆ ಫೆದರ್ ಹೆಚ್ಚಾಗಿದೆ ಎಂದರ್ಥ.

ಎಷ್ಟು ತಿದ್ದಿದರೆ ಸಾಕು ಎಂಬುದನ್ನು ಅಚ್ಚಿನ ಅಳತೆಯೇ ನಿರ್ಧರಿಸಬೇಕು. 300 ಡಿಪಿಐನಲ್ಲಿ (ಅಂಗುಲಕ್ಕೆ 300 ಚುಕ್ಕಿ) ಅಚ್ಚಾದ ಆಲ್ಬಮ್‌ನಲ್ಲಿ ಒಂದು ಪಿಕ್ಸೆಲ್ ಸುಮಾರು 0.085 ಮಿಲಿಮೀಟರ್. ಒಂದಡಿ ದೂರದಿಂದ ಆರೋಗ್ಯವಂತ ಕಣ್ಣು ಬೇರ್ಪಡಿಸಿ ನೋಡಬಲ್ಲ ಕನಿಷ್ಠ ಅಳತೆಯೂ ಹೆಚ್ಚುಕಡಿಮೆ ಅಷ್ಟೇ. ಅಲ್ಲೊಂದು ಇಲ್ಲೊಂದು ಪಿಕ್ಸೆಲ್ ತಪ್ಪಿದ್ದರೆ ಯಾರಿಗೂ ಕಾಣದು, ಹಣೆಯಿಂದ ಕಿವಿಯವರೆಗೆ ಬಿಡದೆ ಸಾಗುವ ಮೂರು ಪಿಕ್ಸೆಲ್ ಅಗಲದ ಗೆರೆ ಎಲ್ಲರಿಗೂ ಕಾಣುತ್ತದೆ. ಅದೇ ಚಿತ್ರ ಫ್ಲೆಕ್ಸ್ ಆಗಿ ರಸ್ತೆ ಬದಿಗೆ ಏರಿದರೆ ಹತ್ತು ಮೀಟರ್ ದೂರದಿಂದ ಕಣ್ಣು ಬೇರ್ಪಡಿಸಬಲ್ಲದ್ದು ಸುಮಾರು 3 ಮಿಲಿಮೀಟರ್. ಅಲ್ಲಿ ಒಂಟಿ ಮುಂಗುರುಳಿಗೆ ಗಂಟೆಗಟ್ಟಲೆ ಕೂರುವುದರಲ್ಲಿ ಹುರುಳಿಲ್ಲ. ತಲೆಯ ಸುತ್ತಲಿನ ಬಣ್ಣ ಶುದ್ಧವಾಗಿದ್ದರೆ ಕೆಲಸ ಮುಗಿದಂತೆ.